ಒಂದೇ ದಿಂಬು, ಎರಡು ಊರು

ಮ್ಯೂನಿಕ್‌ನಲ್ಲಿ ಓದುವಾಗ ನನ್ನ ಜೊತೆಗಿದ್ದ ದಾವಣಗೆರೆಯ ಹುಡುಗನೊಬ್ಬ ಮೊದಲ ಸೆಮಿಸ್ಟರಿನಲ್ಲೇ ಇಟಲಿಯನ್ನು 'ಮುಗಿಸಿ' ಬಂದಿದ್ದ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಿಗ್ಗೆ ವೆನಿಸ್, ಮಧ್ಯಾಹ್ನ ಫ್ಲಾರೆನ್ಸ್, ಭಾನುವಾರ ರೋಮ್, ರಾತ್ರಿ ಮತ್ತೆ ಬಸ್ಸು. ಸೋಮವಾರ ಕೊನೆಯ ಬೆಂಚಿನಲ್ಲಿ ತಲೆಯಿಟ್ಟು ಮಲಗಿದ್ದವನನ್ನು ಎಬ್ಬಿಸಿ "ಏನೋ, ಹೇಗಿತ್ತು ಇಟಲಿ?" ಎಂದು ಕೇಳಿದೆ. ಕಣ್ಣು ಬಿಡದೆಯೇ ಹೇಳಿದ, "ಸ್ಟೇಷನ್‌ಗಳು ಚೆನ್ನಾಗಿದ್ವು ಕಣೇ."

ಆಮೇಲಿನ ಎರಡು ವರ್ಷಗಳಲ್ಲಿ ಏಳೆಂಟು ವಾರಾಂತ್ಯ ಇಟಲಿಗೆ ಹೋಗಿಬಂದೆ. ತಪ್ಪು ಮಾಡಿ, ದಂಡ ಕಟ್ಟಿ, ಹಸಿದು ಕಲಿತದ್ದನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದಾದರೆ: ದಿಂಬು ಒಂದೇ ಕಡೆ ಇರಲಿ. ಶುಕ್ರವಾರ ಮತ್ತು ಶನಿವಾರದ ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿ. ಅಲ್ಲಿಂದ ಒಂದು ದಿನ ಪಕ್ಕದ ಊರಿಗೆ ಹೋಗಿಬನ್ನಿ, ಇನ್ನೊಂದು ದಿನ ಮಲಗಿದ ಊರನ್ನೇ ನೋಡಿ. ರೂಮು ಖಾಲಿ ಮಾಡುವುದು, ಚೀಲ ಹೊರುವುದು, ಹೊಸ ಊರಿನಲ್ಲಿ ಹಾಸ್ಟೆಲ್ ಹುಡುಕುವುದು, ಮೂರು ಗಂಟೆಯವರೆಗೆ ಕೀಲಿ ಕೊಡುವುದಿಲ್ಲ ಎಂದರೆ ಕಾಯುವುದು, ಇಷ್ಟರಲ್ಲಿ ಅರ್ಧ ಹಗಲು ಕಳೆದಿರುತ್ತದೆ. ವಾರಾಂತ್ಯಕ್ಕೆ ಇರುವುದೇ ಎರಡು ಹಗಲು.

ಮೊದಲು ಕಾಗದಪತ್ರ

ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ನಂಥ ಷೆಂಗೆನ್ ದೇಶದ ವಿದ್ಯಾರ್ಥಿ ವೀಸಾ ಅಥವಾ ರೆಸಿಡೆನ್ಸ್ ಪರ್ಮಿಟ್ ಚಾಲ್ತಿಯಲ್ಲಿದ್ದರೆ ಇಟಲಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನದವರೆಗೆ ಉಳಿದ ಷೆಂಗೆನ್ ದೇಶಗಳಲ್ಲಿ ಓಡಾಡಬಹುದು. ಬ್ರಿಟನ್, ಐರ್ಲೆಂಡಿನಲ್ಲಿ ಓದುವವರ ಲೆಕ್ಕ ಬೇರೆ. ಆ ದೇಶಗಳು ಷೆಂಗೆನ್‌ನಲ್ಲಿಲ್ಲ, ಭಾರತೀಯ ಪಾಸ್‌ಪೋರ್ಟಿನವರು ಷೆಂಗೆನ್ ವೀಸಾ ಮಾಡಿಸಲೇಬೇಕು. ಪರ್ಮಿಟ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ಅರ್ಜಿಯ ರಸೀದಿ ಮಾತ್ರ ಇದೆ ಎನ್ನುವವರು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ಕೇಳಿಕೊಂಡೇ ಟಿಕೆಟ್ ತೆಗೆಯಿರಿ. ರಸೀದಿ ಹಿಡಿದು ಗಡಿ ದಾಟಲು ಎಲ್ಲರಿಗೂ ಬರುವುದಿಲ್ಲ.

ಗಡಿಯಲ್ಲಿ ಗೇಟಿಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಜರ್ಮನಿಗೆ ಮರಳುವಾಗ ಪೊಲೀಸರು ರೈಲು ಹತ್ತಿ ಕೇಳುವುದುಂಟು. ಇಟಲಿಯ ಹಾಸ್ಟೆಲ್‌ಗಳಲ್ಲೂ ಮೊದಲು ಕೇಳುವುದು ಅದನ್ನೇ. ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಎರಡೂ ಅಸಲು ಇರಲಿ, ಫೋಟೊ ಮೊಬೈಲಿನಲ್ಲಿರಲಿ.

ದಿಂಬು ಎಲ್ಲಿಡಬೇಕು?

ನನ್ನ ಉತ್ತರ ಬೊಲೊನ್ಯಾ. ನಮ್ಮ ಕಡೆಯಿಂದ ರೈಲಿನಲ್ಲಿ ಹೋಗುವಾಗ ಅರಸೀಕೆರೆ, ಹುಬ್ಬಳ್ಳಿ ಹೇಗೋ ಹಾಗೆ ಇಟಲಿಯ ಉತ್ತರಕ್ಕೆ ಬೊಲೊನ್ಯಾ, ದಾರಿಗಳೆಲ್ಲ ಕೂಡುವ ಜಂಕ್ಷನ್. ವೇಗದ ರೈಲಿನಲ್ಲಿ ಫ್ಲಾರೆನ್ಸ್ 40 ನಿಮಿಷದೊಳಗೆ, ಮಿಲಾನ್ ಒಂದು ಗಂಟೆ ಚಿಲ್ಲರೆ, ವೆನಿಸ್ ಒಂದೂವರೆ ಗಂಟೆ. ನಿಧಾನದ ರೈಲಿನಲ್ಲಿ ಮೊಡೆನಾ, ಫೆರಾರಾ ಅರ್ಧ ಗಂಟೆ ಆಸುಪಾಸು, ರವೆನ್ನಾ ಗಂಟೆ ಕಾಲು. ಮ್ಯೂನಿಕ್‌ನಿಂದ ನೇರ ರೈಲೇ ಇದೆ. ಸುಮಾರು 1,370 ಮೀಟರ್ ಎತ್ತರದ ಬ್ರೆನ್ನರ್ ಕಣಿವೆ ದಾಟಿ, ಐದೂವರೆ ಗಂಟೆಗೆ ವೆರೋನಾ, ಏಳು ಗಂಟೆ ಆಸುಪಾಸಿಗೆ ಬೊಲೊನ್ಯಾ. ಶುಕ್ರವಾರ ಮಧ್ಯಾಹ್ನದ ತರಗತಿ ಇಲ್ಲದವರು ಹಗಲಿನ ರೈಲನ್ನೇ ಹಿಡಿಯಿರಿ, ಆಲ್ಪ್ಸ್ ಕಿಟಕಿಯಲ್ಲಿ ಪುಕ್ಕಟೆ ಸಿಗುತ್ತದೆ.

ಬೊಲೊನ್ಯಾ ವಿದ್ಯಾರ್ಥಿಗಳ ಊರು. ಯೂರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಇಲ್ಲಿನದು, ಹುಟ್ಟಿದ ವರ್ಷ 1088 ಎನ್ನುತ್ತಾರೆ. ಹಾಗಾಗಿ ರಾತ್ರಿ ಹೊತ್ತಾದರೂ ಬೀದಿಯಲ್ಲಿ ಜನ ಇರುತ್ತಾರೆ. ನೋಡಬೇಕಾದದ್ದೆಲ್ಲ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ.

ವಿಮಾನದಲ್ಲಿ ಬರುವವರಿಗೊಂದು ಕಿವಿಮಾತು. ಅಗ್ಗದ ಟಿಕೆಟ್ಟಿನ ಮೇಲೆ 'ಮಿಲಾನ್' ಎಂದಿದ್ದರೆ ಕಣ್ಣರಳಿಸಿ ನೋಡಿ, ಅದು ಬೆರ್ಗಾಮೊ ಇರಬಹುದು. ಮಿಲಾನ್ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. 'ವೆನಿಸ್' ಎಂದಿದ್ದದ್ದು ಟ್ರೆವಿಸೊ ಇರಬಹುದು. ಬೆರ್ಗಾಮೊದಲ್ಲಿ ಇಳಿದರೆ ಬೇಸರ ಪಡಬೇಡಿ. ಗುಡ್ಡದ ಮೇಲಿನ ಅದರ ಹಳೇ ಪೇಟೆ ಮತ್ತು ವೆನಿಸಿನವರು ಕಟ್ಟಿಸಿದ ಕೋಟೆಗೋಡೆ ಅರ್ಧ ದಿನಕ್ಕೆ ಮೋಸವಿಲ್ಲ.

ರೈಲಿನ ರೀತಿ ನೀತಿ

ಇಟಲಿಯ ರೈಲುಗಳನ್ನು ನಮ್ಮ ಲೆಕ್ಕದಲ್ಲಿ ಎರಡು ಜಾತಿ ಎಂದುಕೊಳ್ಳಿ. ಒಂದು ಫ್ರೆಚ್ಚಾರೋಸ್ಸಾ ಮತ್ತು ಇಟಾಲೊ. ಗಂಟೆಗೆ 300 ಕಿಲೋಮೀಟರ್ ವೇಗ, ಸೀಟು ನಂಬರಿನ ಟಿಕೆಟ್. ವಿಮಾನದಂತೆ ಇವುಗಳ ದರ ದಿನೇ ದಿನೇ ಏರುತ್ತದೆ, ಮೂರು ನಾಲ್ಕು ವಾರ ಮೊದಲೇ ತೆಗೆದರೆ ಅಗ್ಗ. ಆದರೆ ಅತಿ ಅಗ್ಗದ ಟಿಕೆಟ್ಟಿಗೆ ಆ ರೈಲು ಬಿಟ್ಟರೆ ಬೇರೆ ಗತಿಯಿಲ್ಲ.

ಇನ್ನೊಂದು ರೆಜೊನಾಲೆ, ಅಂದರೆ ನಮ್ಮ ಪ್ಯಾಸೆಂಜರ್ ಗಾಡಿ. ದರ ಯಾವತ್ತೂ ಒಂದೇ, ಮುಂಗಡ ಬುಕಿಂಗ್ ಬೇಕಿಲ್ಲ, ಖಾಲಿ ಕಂಡಲ್ಲಿ ಕೂರುವುದು. ಬೊಲೊನ್ಯಾದಿಂದ ರವೆನ್ನಾಕ್ಕೆ ಎಂಟು ಯೂರೋ ಆಸುಪಾಸು.

ನಾನು ಸಿಕ್ಕಿಬಿದ್ದದ್ದು ಈ ಎರಡನೆಯದರಲ್ಲೇ. ರವೆನ್ನಾಕ್ಕೆ ಹೊರಟ ಮೊದಲ ಸಲ ಮೆಷಿನ್ನಿನಲ್ಲಿ ದುಡ್ಡು ಹಾಕಿ ಕಾಗದದ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತಿದ್ದೆ. ಟಿ.ಸಿ. ಬಂದರು. ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ "ನೋನ್ ತಿಂಬ್ರಾತೊ" ಎಂದರು. ಮುದ್ರೆ ಬಿದ್ದಿಲ್ಲ ಎಂದರ್ಥ. ಪ್ಲಾಟ್‌ಫಾರಂ ಕಂಬದ ಮೇಲೆ ಪುಟ್ಟದೊಂದು ಪೆಟ್ಟಿಗೆ ಇರುತ್ತದೆ. ಟಿಕೆಟ್ಟಿನ ತುದಿಯನ್ನು ಅದರ ಬಾಯಿಗಿಟ್ಟರೆ 'ಕರ್ರ್' ಎಂದು ದಿನ, ಗಂಟೆ ಅಚ್ಚಾಗುತ್ತದೆ. ಅಚ್ಚಾಗದ ಟಿಕೆಟ್ಟನ್ನು ನಾಳೆಯೂ ಬಳಸಬಹುದಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಅದು ಟಿಕೆಟ್ಟೇ ಅಲ್ಲ. ದುಡ್ಡು ಕೊಟ್ಟಿದ್ದೇನೆ ಸ್ವಾಮಿ ಎಂದು ಮೂರು ಭಾಷೆಯಲ್ಲಿ ಹೇಳಿದೆ. ಆತ ಸಮಾಧಾನದಿಂದ ಕೇಳಿ, ಸಮಾಧಾನದಿಂದಲೇ ದಂಡದ ಚೀಟಿ ಹರಿದುಕೊಟ್ಟರು. ಮೂರು ದಿನದ ಊಟದ ದುಡ್ಡು ಹೋಯಿತು. ಮೊಬೈಲಿನಲ್ಲಿ ತೆಗೆದ ರೆಜೊನಾಲೆ ಟಿಕೆಟ್ಟಿಗೂ ರೈಲು ಹತ್ತುವ ಮುನ್ನ 'ಚೆಕ್ ಇನ್' ಒತ್ತಬೇಕು. ಸೀಟು ನಂಬರಿರುವ ವೇಗದ ರೈಲಿಗೆ ಈ ಮುದ್ರೆಯ ಗೋಜಿಲ್ಲ.

ಮುಷ್ಕರಕ್ಕೆ ಅವರು 'ಶೋಪೆರೊ' ಎನ್ನುತ್ತಾರೆ. ಇಟಲಿಯಲ್ಲಿ ಇದು ಗುಟ್ಟಿನ ವಿಷಯವಲ್ಲ, ದಿನ ಮೊದಲೇ ಘೋಷಣೆಯಾಗುತ್ತದೆ, ಶುಕ್ರವಾರಗಳ ಮೇಲೆ ಅವರಿಗೆ ವಿಶೇಷ ಪ್ರೀತಿ. ಹೊರಡುವ ವಾರ ಈ ಪದ ಹಾಕಿ ಒಮ್ಮೆ ಹುಡುಕಿ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರ ನಡುವೆ ರೆಜೊನಾಲೆ ಸೇವೆಗೆ ಖಾತರಿ ಇರುತ್ತದೆ.

ಊರ ಹೆಸರುಗಳೂ ಕಣ್ಣಾಮುಚ್ಚಾಲೆ ಆಡುತ್ತವೆ. ಬೋರ್ಡಿನಲ್ಲಿ ಫ್ಲಾರೆನ್ಸ್ ಇರುವುದಿಲ್ಲ, ಫಿರೆಂಜೆ ಇರುತ್ತದೆ. ವೆನಿಸ್ ವೆನೆತ್ಸಿಯಾ ಆಗಿರುತ್ತದೆ, ಅದರಲ್ಲೂ 'ಮೆಸ್ತ್ರೆ'ಯಲ್ಲಿ ಇಳಿದರೆ ನೀರು ಕಾಣುವುದಿಲ್ಲ, 'ಸಾಂತಾ ಲೂಚಿಯಾ'ದವರೆಗೆ ಹತ್ತು ನಿಮಿಷ ಮುಂದೆ ಹೋಗಬೇಕು. ಮ್ಯೂನಿಕ್‌ಗೆ ಇಟಾಲಿಯನ್ನರು ಮೊನಾಕೊ ಎನ್ನುತ್ತಾರೆ, ಗಾಬರಿಯಾಗಬೇಡಿ. 'ಬಿನಾರಿಯೊ' ಎಂದರೆ ಪ್ಲಾಟ್‌ಫಾರಂ, 'ಪಾರ್ತೆಂಜೆ' ಹೊರಡುವ ರೈಲುಗಳು, 'ರಿತಾರ್ದೊ' ತಡ. ಬೊಲೊನ್ಯಾದಲ್ಲಿ ವೇಗದ ರೈಲುಗಳು ನೆಲದಡಿಯ ಪ್ಲಾಟ್‌ಫಾರಂಗಳಿಗೆ ಬರುತ್ತವೆ. ಇಳಿದು ಹೋಗಲು ಹತ್ತು ನಿಮಿಷ ಕೈಯಲ್ಲಿರಲಿ.

ಆ ಸ್ಟೇಷನ್ನಿನ ಗೋಡೆಯ ಒಂದು ಗಡಿಯಾರ ಸದಾ 10:25 ತೋರಿಸುತ್ತಿರುತ್ತದೆ. ಕೆಟ್ಟಿದೆಯೆಂದಲ್ಲ. 1980ರ ಆಗಸ್ಟ್ 2ರಂದು ಆ ಗಳಿಗೆಯಲ್ಲಿ ಇಲ್ಲಿನ ವೇಟಿಂಗ್ ರೂಮಿನಲ್ಲಿ ಬಾಂಬು ಸಿಡಿದು 85 ಜನ ಸತ್ತರು. ನೆನಪಿಗೆಂದು ಮುಳ್ಳನ್ನು ಅಲ್ಲೇ ನಿಲ್ಲಿಸಿದ್ದಾರೆ. ರೈಲಿನ ಹೊತ್ತನ್ನು ಬೇರೆ ಗಡಿಯಾರದಲ್ಲಿ ನೋಡಿಕೊಳ್ಳಿ, ಆದರೆ ಇದರ ಕೆಳಗೆ ಒಂದು ನಿಮಿಷ ನಿಂತು ಹೋಗಿ.

ಶನಿವಾರ ರವೆನ್ನಾ

ದಂಡ ಕಟ್ಟಿ ಹೋದರೂ ರವೆನ್ನಾ ಬಗ್ಗೆ ಮುನಿಸು ಉಳಿಯಲಿಲ್ಲ. ಐದು, ಆರನೆಯ ಶತಮಾನದ ಎಂಟು ಕಟ್ಟಡಗಳು ಇಲ್ಲಿ ಯುನೆಸ್ಕೊ ಪಟ್ಟಿಯಲ್ಲಿವೆ, ಒಳಗೆಲ್ಲ ಗಾಜಿನ ಚೂರಿನ ಮೊಸಾಯಿಕ್ ಚಿತ್ರಗಳು. ಮುಖ್ಯವಾದ ಕೆಲವಕ್ಕೆ ಒಂದೇ ಕೂಡು ಟಿಕೆಟ್ ಸಾಕು. ಗಾಲ್ಲಾ ಪ್ಲಾಚಿದಿಯಾ ಎಂಬ ಪುಟ್ಟ ಸಮಾಧಿಮಂದಿರಕ್ಕೆ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು, ಒಳಗೆ ಬಿಡುವುದು ಐದೇ ನಿಮಿಷ.

ಹೊರಗಿನಿಂದ ಅದು ಹಳೇ ಇಟ್ಟಿಗೆಯ ಗೋದಾಮಿನಂತಿದೆ. ತಲೆ ತಗ್ಗಿಸಿ ಒಳಗೆ ಹೋದರೆ ಮೊದಲ ಅರ್ಧ ನಿಮಿಷ ಏನೂ ಕಾಣುವುದಿಲ್ಲ, ನಮ್ಮ ಗರ್ಭಗುಡಿಯ ಕತ್ತಲು. ಕಿಟಕಿಗೆ ಗಾಜಿಲ್ಲ, ತೆಳ್ಳಗೆ ಸೀಳಿದ ಅಲಬಾಸ್ಟರ್ ಕಲ್ಲಿದೆ, ಜೇನಿನ ಬಣ್ಣದ ಬೆಳಕು ಅದರಿಂದ ಇಳಿಯುತ್ತದೆ. ಕಣ್ಣು ಹೊಂದಿಕೊಂಡಂತೆ ತಲೆಯ ಮೇಲೆ ಕಡುನೀಲಿ ಆಕಾಶ, ಅದರಲ್ಲಿ ನೂರಾರು ಚಿನ್ನದ ನಕ್ಷತ್ರ. ಗಾಜಿನ ಚೂರುಗಳನ್ನು ಒಂದೇ ಮಟ್ಟಕ್ಕೆ ಕೂರಿಸಿಲ್ಲ, ಒಂದೊಂದನ್ನು ಒಂದೊಂದು ಕಡೆಗೆ ತುಸು ಓರೆಯಾಗಿಸಿದ್ದಾರೆ. ನೀವು ಒಂದು ಹೆಜ್ಜೆ ಸರಿದರೆ ಆರಿದ್ದ ನಕ್ಷತ್ರ ಹೊತ್ತಿಕೊಳ್ಳುತ್ತದೆ, ಹೊತ್ತಿದ್ದು ಆರುತ್ತದೆ. ಐದು ನಿಮಿಷವನ್ನು ಫೋನಿಗೆ ಕೊಡಬೇಡಿ. ನಿಧಾನವಾಗಿ ನಡೆದಾಡಿ, ಚಿತ್ರವೇ ಕದಲುತ್ತದೆ.

ಪಕ್ಕದಲ್ಲೇ 547ರಲ್ಲಿ ಪೂಜೆಗೆ ತೆರೆದ ಸಾನ್ ವಿತಾಲೆ ಇದೆ. ಪೇಟೆಯ ಬೀದಿಯೊಂದರ ಕೊನೆಯಲ್ಲಿ ಕವಿ ಡಾಂಟೆಯ ಸಮಾಧಿ. ಫ್ಲಾರೆನ್ಸ್ ಅವನನ್ನು ಗಡೀಪಾರು ಮಾಡಿತು, 1321ರಲ್ಲಿ ಇಲ್ಲಿ ಸತ್ತ. ಸಮಾಧಿಯ ದೀಪಕ್ಕೆ ಈಗಲೂ ಪ್ರತಿವರ್ಷ ಎಣ್ಣೆ ಕಳಿಸುವುದು ಅದೇ ಫ್ಲಾರೆನ್ಸ್.

ಭಾನುವಾರ ಬೊಲೊನ್ಯಾ

ಮಳೆ ಬಂದರೂ ಕೊಡೆ ಬೇಡದ ಊರಿದು. ಬೀದಿಯ ಎರಡೂ ಬದಿ ಕಮಾನುಗಳ ಕಂಬಸಾಲು, ಮೇಲೆ ಮನೆ, ಕೆಳಗೆ ನಡೆಯುವ ದಾರಿ. ನಮ್ಮ ಹಳೇ ಮನೆಗಳ ಜಗಲಿಯನ್ನು ಊರುದ್ದಕ್ಕೂ ಜೋಡಿಸಿದಂತೆ. ಜಾಗ ಮನೆಯವರದು, ನಡೆಯುವ ಹಕ್ಕು ಎಲ್ಲರದು. ಮನೆ ಕಟ್ಟುವವರು ಇಂಥ ಕಂಬಸಾಲು ಬಿಡಲೇಬೇಕೆಂದು 1288ರಲ್ಲೇ ಊರಿನವರು ಕಟ್ಟಳೆ ಮಾಡಿದ್ದರು. ಒಟ್ಟು 62 ಕಿಲೋಮೀಟರಿನಷ್ಟಿರುವ ಇವನ್ನು 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಲಾಯಿತು. ಸಾನ್ ಲೂಕಾ ಗುಡ್ಡದ ಚರ್ಚಿಗೆ ಹತ್ತುವ 666 ಕಮಾನುಗಳ ದಾರಿ ನಾಲ್ಕು ಕಿಲೋಮೀಟರಿಗೆ ತುಸು ಕಮ್ಮಿ. ಬೆಳಿಗ್ಗೆಯೇ ಹೊರಟರೆ ಬಿಸಿಲೇರುವ ಮುನ್ನ ಇಳಿದು ಬರಬಹುದು.

ಪಿಯಾತ್ಸಾ ಮಜೋರೆ ಚೌಕದ ಸಾನ್ ಪೆತ್ರೋನಿಯೊ ಚರ್ಚಿನ ನೆಲದಲ್ಲಿ ಸುಮಾರು 67 ಮೀಟರಿನ ಗೆರೆಯಿದೆ. ಖಗೋಳಜ್ಞ ಕಸ್ಸೀನಿ 1655ರಲ್ಲಿ ಹಾಕಿಸಿದ್ದು. ಮಾಡಿನ ತೂತಿನಿಂದ ಬೀಳುವ ಬಿಸಿಲ ಬಿಲ್ಲೆ ನಡುಹಗಲಿಗೆ ಸರಿಯಾಗಿ ಗೆರೆ ದಾಟುತ್ತದೆ. ಊರಿನ ಗುರುತಾದ ಎರಡು ಗೋಪುರಗಳಲ್ಲಿ ವಾಲಿದ ಗಾರಿಸೆಂಡಾ ಇನ್ನಷ್ಟು ವಾಲುತ್ತಿದೆಯೆಂದು 2023ರ ಅಕ್ಟೋಬರಿನಿಂದ ಸುತ್ತ ಬೇಲಿ ಬಿದ್ದಿದೆ. ಹತ್ತುವ ಆಸೆ ಬಿಟ್ಟು ದೂರದಿಂದ ನೋಡಿ.

ಮುಂದಿನ ವಾರಾಂತ್ಯಗಳಿಗೆ

ಫ್ಲಾರೆನ್ಸ್‌ಗೆ ಸೋಮವಾರ ಸೇರಿಸಿ ರಜೆ ಹಾಕಬೇಡಿ. ಉಫೀತ್ಸಿ ಮತ್ತು ಮೈಕೆಲೆಂಜೆಲೊನ ಡೇವಿಡ್ ಇರುವ ಅಕಾದೆಮಿಯಾ ಎರಡಕ್ಕೂ ಸೋಮವಾರ ರಜೆ. ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟಕ್ಕೆ 463 ಮೆಟ್ಟಿಲು, ಸಮಯ ಬುಕ್ ಮಾಡದಿದ್ದರೆ ಒಳಗೆ ಬಿಡುವುದಿಲ್ಲ. ಒಂದು ದಿನಕ್ಕೆ ಒಂದೇ ಮ್ಯೂಸಿಯಂ ಸಾಕು. ಸಂಜೆ ಪಿಯಾತ್ಸಾಲೆ ಮೈಕೆಲೆಂಜೆಲೊ ಗುಡ್ಡ ಹತ್ತಿದರೆ ಇಡೀ ಊರು ಪುಕ್ಕಟೆ ಕಾಣುತ್ತದೆ.

ವೆನಿಸ್‌ನಲ್ಲಿ 2024ರಿಂದ ದಿನದ ಪ್ರವಾಸಿಗಳಿಗೆ ಪ್ರವೇಶ ಶುಲ್ಕ ಬಂದಿದೆ. ವಸಂತದಿಂದ ಬೇಸಿಗೆಯವರೆಗಿನ ಆಯ್ದ ದಿನಗಳಲ್ಲಿ, ಹೆಚ್ಚಾಗಿ ವಾರಾಂತ್ಯಗಳಲ್ಲೇ, ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ. ಮೊದಲೇ ಕಟ್ಟಿದರೆ 5 ಯೂರೋ, ಕೊನೆಗಳಿಗೆಯಲ್ಲಿ 10. ಅಲ್ಲೇ ರಾತ್ರಿ ತಂಗುವವರಿಗೆ ವಿನಾಯಿತಿ ಇದೆ, ಆದರೆ ಹೆಸರು ನೋಂದಾಯಿಸಬೇಕು. ವಪೊರೆತ್ತೊ ದೋಣಿಯ 75 ನಿಮಿಷದ ಟಿಕೆಟ್ಟಿಗೇ 9.50 ಯೂರೋ. 29 ವರ್ಷದವರೆಗಿನವರು 'ರೋಲಿಂಗ್ ವೆನಿಸ್' ಕಾರ್ಡ್ ತೆಗೆದುಕೊಂಡರೆ ಮೂರು ದಿನದ ಪಾಸು ಅಗ್ಗವಾಗುತ್ತದೆ. ಗೊಂಡೊಲಾ ಸವಾರಿಯ ದರ ಕೇಳಿ ಎದೆ ಧಸಕ್ಕೆಂದರೆ 'ತ್ರಗೆತ್ತೊ' ಹುಡುಕಿ. ಗ್ರ್ಯಾಂಡ್ ಕೆನಾಲ್ ದಾಟಿಸಲೆಂದೇ ಇರುವ ಅಂಥದ್ದೇ ದೋಣಿ, ಎರಡು ಯೂರೋ.

ರೋಮ್‌ಗೆ ಎರಡು ದಿನವೂ ಬೇಕು, ಅಲ್ಲಿ ದಿಂಬೂ ಒಂದೇ, ಊರೂ ಒಂದೇ. ಕ್ಯಾಪಿಟೊಲೈನ್ ಗುಡ್ಡ ಹತ್ತಿದಾಗ ಸಾಂತಾ ಮಾರಿಯಾ ಇನ್ ಅರಾಚೇಲಿ ಚರ್ಚಿಗೆ ಇಣುಕಿ. 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನ ಕಂಡು, ಉಳ್ಳಾಲದ ರಾಣಿಯನ್ನೂ ಭೇಟಿಯಾಗಿ, ಎಲ್ಲವನ್ನೂ ಪತ್ರಗಳಲ್ಲಿ ಬರೆದಿಟ್ಟ ಪಿಯೆತ್ರೊ ದೆಲ್ಲಾ ವಾಲ್ಲೆ ರೋಮ್‌ನವನು. ಅವನ ಸಮಾಧಿ ಇರುವುದು ಇಲ್ಲಿ. ಮನೆ ಬಿಟ್ಟವನು ಹನ್ನೆರಡು ವರ್ಷ ತಿರುಗಿ ವಾಪಸಾದ.

ಹೊಟ್ಟೆಯ ವಿಚಾರ

ಇಟಲಿಯಲ್ಲಿ 'ಬಾರ್' ಎಂದರೆ ನಮ್ಮ ದರ್ಶಿನಿ. ಕೌಂಟರಿನಲ್ಲಿ ನಿಂತು ಕುಡಿದರೆ ಎಸ್‌ಪ್ರೆಸ್ಸೊ ಒಂದೂವರೆ ಯೂರೋದೊಳಗೆ, ಕೂತರೆ ಎರಡು ಮೂರು ಪಟ್ಟು. ಸ್ಟೇಷನ್ನಿನ ಬಾರ್‌ಗಳಲ್ಲಿ ಮೊದಲು ಕ್ಯಾಷಿನಲ್ಲಿ ದುಡ್ಡು ಕೊಟ್ಟು 'ಸ್ಕೊಂತ್ರೀನೊ' ಎಂಬ ಚೀಟಿ ಪಡೆದು ಕಾಫಿಯವನ ಮುಂದಿಡಬೇಕು. ಬೆಂಗಳೂರಿನವರಿಗೆ ಇದನ್ನು ಕಲಿಸಬೇಕಿಲ್ಲ. 'ಲಾತ್ತೆ' ಎಂದು ಕೇಳಿದರೆ ಬರೀ ಹಾಲು ಬರುತ್ತದೆ, 'ಕಫೆ ಲಾತ್ತೆ' ಎನ್ನಿ.

ಸಸ್ಯಾಹಾರಿಗಳು "ಸೊನೊ ವೆಜೆತರಿಯಾನೊ" ಎನ್ನಬೇಕು, ಹುಡುಗಿಯರು "ವೆಜೆತರಿಯಾನಾ". ಜೊತೆಗೆ "ಸೆಂಜಾ ಕಾರ್ನೆ, ಸೆಂಜಾ ಪೆಶೆ" (ಮಾಂಸ ಬೇಡ, ಮೀನು ಬೇಡ) ಸೇರಿಸಿ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು, 'ಬ್ರೋದೊ' ಯಾವುದೆಂದು ಕೇಳಿ. 'ಪೆಪೆರೋನಿ' ಕಂಡು ಓಡಬೇಡಿ, ಅಲ್ಲಿ ಅದು ದೊಣ್ಣೆ ಮೆಣಸಿನಕಾಯಿ. ಬೊಲೊನ್ಯಾದ ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕಿಯೇ ಕಲಸುತ್ತಾರೆ. ಮೊಟ್ಟೆ ತಿನ್ನದವರು ಒಣ ಪಾಸ್ತಾ ಕೇಳಿ, ಅದು ಗೋಧಿ ರವೆ ಮತ್ತು ನೀರು ಮಾತ್ರ. ಮೊಟ್ಟೆ ತಿನ್ನುವವರಿಗೆ ರಿಕೊತ್ತಾ ತುಂಬಿದ ತೊರ್ತೆಲ್ಲೋನಿಯನ್ನು ಬೆಣ್ಣೆಯಲ್ಲಿ ಹೊರಳಿಸಿ ಕೊಡುತ್ತಾರೆ, ಬಿಡಬೇಡಿ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ಯಾವ ಸಂಶಯವೂ ಬೇಡವೆಂದರೆ ಮರಿನಾರಾ ಪಿಜ್ಜಾ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಅಷ್ಟೇ. ಪೀಸಾ, ಜಿನೋವಾ ಕಡೆ ಕಡಲೆಹಿಟ್ಟಿನ ದಪ್ಪ ದೋಸೆಯಂಥ ಚೆಚೀನಾ, ಫರಿನಾತಾ ಸಿಗುತ್ತವೆ.

ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ತೆರೆಯುವುದು ಸಂಜೆ ಏಳಕ್ಕೆ. ಆ ಹೊತ್ತಿಗೆಂದೇ ನನ್ನ ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇರುತ್ತಿತ್ತು. ಆದರೆ ವೆನಿಸಿನ ಸಾನ್ ಮಾರ್ಕೊ ಚೌಕದಲ್ಲಿ ನೆಲಕ್ಕೆ ಕೂತು ಬುತ್ತಿ ಬಿಚ್ಚಿದರೆ ದಂಡ ಬೀಳುತ್ತದೆ.

ಜೇಬಿನ ವಿಚಾರ

ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು ಮೂರು ಯೂರೋ ಕಂಡರೆ ಮೋಸವಲ್ಲ, ಕೂತ ಜಾಗದ ಬಾಬ್ತು. ಹಾಸ್ಟೆಲ್ ಬಾಡಿಗೆಯ ಮೇಲೆ ರಾತ್ರಿಗಿಷ್ಟೆಂದು ಪ್ರವಾಸಿ ತೆರಿಗೆ ಬೇರೆ, ಕೆಲವರು ನಗದೇ ಕೇಳುತ್ತಾರೆ.

ಸರ್ಕಾರಿ ಮ್ಯೂಸಿಯಂಗಳಲ್ಲಿ 18ರಿಂದ 25 ವರ್ಷದವರಿಗಿರುವ 2 ಯೂರೋ ಟಿಕೆಟ್ ಯೂರೋಪ್ ಒಕ್ಕೂಟದ ಪ್ರಜೆಗಳಿಗೆ. ವಿದ್ಯಾರ್ಥಿ ಕಾರ್ಡ್ ಇದೆಯೆಂದು ಅದನ್ನೇ ಬುಕ್ ಮಾಡಿದರೆ ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿ ವಾಪಸು ಕಳಿಸುತ್ತಾರೆ. ಒಕ್ಕೂಟದ ವಿಶ್ವವಿದ್ಯಾಲಯಗಳಲ್ಲಿ ವಾಸ್ತುಶಿಲ್ಪ, ಕಲಾ ಇತಿಹಾಸ, ಪುರಾತತ್ತ್ವ ಓದುವವರು ಮಾತ್ರ ದಾಖಲೆಯ ಪತ್ರ ತೋರಿಸಿ ಉಚಿತ ಟಿಕೆಟ್ ಕೇಳಬಹುದು. ಉಳಿದವರಿಗೆ ತಿಂಗಳ ಮೊದಲ ಭಾನುವಾರ ಇದೆ. ಅವತ್ತು ಸರ್ಕಾರಿ ಮ್ಯೂಸಿಯಂಗಳೆಲ್ಲ ಉಚಿತ, ಸಾಲು ಮಾತ್ರ ಧರ್ಮದರ್ಶನದಷ್ಟು ಉದ್ದ.

ಟಿಕೆಟ್ ಮೆಷಿನ್ ಹತ್ತಿರ ತಾವಾಗಿ ಸಹಾಯಕ್ಕೆ ಬರುವವರನ್ನು, ಕೈಗೆ ದಾರ ಕಟ್ಟಲು ಬರುವವರನ್ನು ದೂರವಿಡಿ. ಆಪತ್ತಿಗೆ ಕರೆಯುವ ಸಂಖ್ಯೆ 112. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ, ಬೆಳಗಿನ ರೈಲಿದ್ದರೆ ನೆನಪಿಡಿ. ಆಗಸ್ಟ್ 15ರ ಸುತ್ತಮುತ್ತ ಇಟಾಲಿಯನ್ನರೇ ರಜೆಗೆ ಹೋಗಿ ಅಂಗಡಿಗಳು ಮುಚ್ಚಿರುತ್ತವೆ.

ಚೀಲದಲ್ಲಿ ಇರಲಿ

- ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್, ವಿದ್ಯಾರ್ಥಿ ಕಾರ್ಡ್
- ಚಿಲ್ಲರೆ ಸಮೇತ ಐವತ್ತು ಯೂರೋ ನಗದು
- ಖಾಲಿ ನೀರಿನ ಬಾಟಲಿ, ಬೀದಿ ನಲ್ಲಿಗಳ ನೀರು ಕುಡಿಯಬಹುದು
- ಹೆಗಲು ಮುಚ್ಚುವ ಒಂದು ಶಾಲು, ಬರಿ ಹೆಗಲು, ಮಂಡಿ ಕಂಡರೆ ದೊಡ್ಡ ಚರ್ಚುಗಳಲ್ಲಿ ಒಳಗೆ ಬಿಡುವುದಿಲ್ಲ
- ಹಾಕಿ ಸವೆಸಿದ ಬೂಟು, ಹೊಸದು ಬೇಡ

ಕೊನೆಯ ಸೆಮಿಸ್ಟರಿನಲ್ಲಿ ದಾವಣಗೆರೆಯ ಹುಡುಗ ನನ್ನ ಜೊತೆಗೂ ಒಮ್ಮೆ ಬಂದ. ಅದೇ ಬೊಲೊನ್ಯಾ, ಅದೇ ರವೆನ್ನಾ. ಮರಳುವ ರೈಲು ಬ್ರೆನ್ನರ್ ಹತ್ತುವ ಹೊತ್ತಿಗೆ ಕತ್ತಲಾಗಿತ್ತು. ಉಳಿದ ಚಪಾತಿ ಹಂಚಿಕೊಳ್ಳುತ್ತ "ಎರಡೇ ಊರಾಯ್ತಲ್ಲೇ" ಎಂದ. ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದವನು ಆ ನಕ್ಷತ್ರಗಳ ಗಾಜನ್ನು ಹೇಗೆ ಓರೆಯಾಗಿ ಕೂರಿಸಿರಬಹುದು ಎಂದು ಕೇಳತೊಡಗಿದ. ವಿವರಿಸಲು ಕಾಗದ ಬೇಕಾಗಿ ಜೇಬಿನಿಂದ ರವೆನ್ನಾ ಟಿಕೆಟ್ ತೆಗೆದ. ನನ್ನ ದಂಡದ ಕಥೆ ಕೇಳಿದ್ದವನು, ಯಾವುದಕ್ಕೂ ಇರಲಿ ಎಂದು ಅದರ ಎರಡೂ ತುದಿಗೆ ಮುದ್ರೆ ಒತ್ತಿಸಿದ್ದ.